ಹೊಳಿಗೆ ಹೋಗುವ ದಾರಿ

ಸಂಕ್ರಮಣದ ದಿನ ಘಟಪ್ರಭೆಯ ದಂಡೆಯ ಹಳ್ಳಿಗಳಲ್ಲಿ ಬಚ್ಚಲುಮನೆಗೆ ಕೆಲಸ ಕಡಿಮೆ. ಅರೆದ ಎಳ್ಳನ್ನು ಮೈಗೆ ಹಚ್ಚಿಕೊಂಡು ಹೊಳೆಗೆ ಹೋಗಬೇಕು, ಮೂರು ಮುಳುಗು ಹಾಕಬೇಕು, ಗಂಗೆಗೆ ಕೈ ಮುಗಿದು ದಂಡೆಯ ಮೇಲೆ ಬುತ್ತಿ ಬಿಚ್ಚಬೇಕು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಶೇಂಗಾ ಹೋಳಿಗೆ, ಗಟ್ಟಿ ಮೊಸರು. ಕೆಲವು ಊರುಗಳಲ್ಲಿ ದೇವರ ಪಲ್ಲಕ್ಕಿಯೂ ಜಳಕಕ್ಕೆ ಹೊಳೆಗೆ ಬರುತ್ತದೆ. ಕೆಲವು ವರ್ಷಗಳ ಹಿಂದೆ ಮೂಡಲಗಿ ಸೀಮೆಯ ಒಂದು ಹಳ್ಳಿಗೆ ಹೀಗೆ ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಊರು ದಾಟಿದ ಮೇಲೆ ಅರ್ಧ ಹಾದಿಯಲ್ಲೇ ದಾರಿ ಕಬ್ಬಿನೊಳಗೆ ಮುಗಿಯಿತು. ಆಳೆತ್ತರದ ಕಬ್ಬು, ಗರಿ ತಾಗಿದರೆ ಮೈಯೆಲ್ಲ ಗೀರು. ಮುಂದೆ ನಡೆಯುತ್ತಿದ್ದ ಅಜ್ಜ ನಿಂತು ಹೇಳಿದ:

“ಇಲ್ಲೇ ಇತ್ತು ತಮ್ಮಾ ದಾರಿ. ಎರಡ ಚಕ್ಕಡಿ ಎದರಾಬದರಾ ಬಂದ್ರೂ ಹಾಯ್ದ ಹೋಗತಿದ್ದೂವು.”

“ಈಗೇನಾತು ಅಜ್ಜಾ?”

“ಯಾರರ ಒಂದ ದಿನಕ್ಕ ಕಸಗೊಂಡ್ರೇನು? ವರ್ಷಕ್ಕ ಒಂದ ಸಾಲ. ಈ ಕಡೆಯಾಂವ ಒಂದ ಸಾಲ, ಆ ಕಡೆಯಾಂವ ಒಂದ ಸಾಲ. ನೇಗಿಲ ಸುಳ್ಳ ಹೇಳತೈತಿ ಅಂತ ಯಾರ ಕೇಳತಾರ?”

ಇದೇ ಊರಿನ ಜನ ಬಸ್ಸು ಮಾಡಿಕೊಂಡು ಗೋಕರ್ಣಕ್ಕೋ ಕಾರವಾರಕ್ಕೋ ಹೋದಾಗ ಉಸುಕಿನ ಮೇಲೆ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ. ಅಲ್ಲಿ ಯಾರೂ ಅವರನ್ನು ಯಾವ ಊರು ಎಂದು ಕೇಳುವುದಿಲ್ಲ. ಕಾಣದ ಊರಿನ ಕಡಲಿಗೆ ಸಲೀಸಾಗಿ ಇಳಿಯಬಹುದು, ಹುಟ್ಟಿದೂರಿನ ಹೊಳೆಗೆ ಇಳಿಯಲು ಕಬ್ಬಿನ ಸಾಲು ಬಿಡಿಸಿಕೊಂಡು ಹೋಗಬೇಕು. ಈ ವಿಚಿತ್ರಕ್ಕೆ ಕಾರಣ ಕಾನೂನಿನಲ್ಲಿದೆ. ಕಾನೂನು ಎಳೆದ ಒಂದು ಗೆರೆಯಲ್ಲಿದೆ, ಎಳೆಯದೆ ಬಿಟ್ಟ ಇನ್ನೊಂದು ಗೆರೆಯಲ್ಲಿದೆ.

ಮೊದಲು ಕಡಲಿನ ಗೆರೆ ನೋಡೋಣ. 1981ರ ನವೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಭರತದ ನೀರು ತಲುಪುವಲ್ಲಿಂದ 500 ಮೀಟರಿನವರೆಗೆ ಕಟ್ಟಡ ಎಬ್ಬಿಸದೆ ದಂಡೆಯನ್ನು ಹಾಗೆಯೇ ಬಿಡಬೇಕೆಂದು ಸೂಚಿಸಿದರು. ಪತ್ರಕ್ಕೆ ಕಾನೂನಿನ ಬಲವಿರಲಿಲ್ಲ. ಹತ್ತು ವರ್ಷಗಳ ನಂತರ, 1991ರ ಫೆಬ್ರವರಿ 19ರಂದು, 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿತು. ಮಂಗಳೂರಿನಿಂದ ಕಾರವಾರದವರೆಗೆ ಜನ ಬಾಯಿತುಂಬ ‘ಸಿಆರ್‌ಝಡ್’ ಎಂದು ಬೈಯುವುದೋ ಹೊಗಳುವುದೋ ಮಾಡುವುದು ಇದನ್ನೇ. ಕರ್ನಾಟಕದ ಸುಮಾರು 320 ಕಿಲೋಮೀಟರ್ ಕಡಲಂಚಿಗೆಲ್ಲ ಇದು ಅನ್ವಯ.

ಅದರ ಬುಡದಲ್ಲಿರುವುದು ಒಂದು ಸರಳ ಅಳತೆ. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಕೆ ದೊಡ್ಡದು. ಆ ದೊಡ್ಡ ಭರತದಲ್ಲಿ ನೀರು ನೆಲದ ಮೇಲೆ ಎಲ್ಲಿಯವರೆಗೆ ಬರುತ್ತದೆಯೋ ಅದೇ ಭರತರೇಖೆ. ಅಲ್ಲಿಂದ ಒಳನಾಡಿನ ಕಡೆಗೆ ಮೀಟರ್ ಎಣಿಸುತ್ತ ಹೋಗಬೇಕು. ಹಳ್ಳಿಗಾಡಿನ ಕಡಲಂಚಿನಲ್ಲಿ ಮೊದಲ 200 ಮೀಟರ್ ಹೊಸ ಕಟ್ಟಡಕ್ಕೆ ನಿಷಿದ್ಧ, 200ರಿಂದ 500ರವರೆಗೆ ಷರತ್ತಿನ ಮೇಲೆ ಅನುಮತಿ.

ನಮಗಿಲ್ಲಿ ಮುಖ್ಯವಾದದ್ದು ಆ ಅಧಿಸೂಚನೆಯ ಅನುಬಂಧದಲ್ಲಿ, ಹೋಟೆಲು ರೆಸಾರ್ಟುಗಳ ನಿಯಮಗಳ ನಡುವೆ ಅಡಗಿ ಕುಳಿತ ಎರಡು ಮಾತು. ಒಂದು: ಜನ ಕಡಲಿಗೆ ಹೋಗಿಬರಲು ಎರಡು ರೆಸಾರ್ಟುಗಳ ನಡುವೆ ಕಡಿಮೆಯೆಂದರೂ 20 ಮೀಟರ್ ಅಗಲದ ಸಂದು ಬಿಡಬೇಕು. ಇನ್ನೊಂದು: ಖಾಸಗಿ ಜಮೀನಿನ ಸುತ್ತ ಗಿಡದ ಬೇಲಿಯನ್ನೋ ಬಳ್ಳಿ ಹಬ್ಬಿಸಿದ ಮುಳ್ಳುತಂತಿಯನ್ನೋ ಹಾಕಿಕೊಳ್ಳಬಹುದು, ಆದರೆ ಆ ಬೇಲಿ ಜನರ ದಾರಿಗೆ ಅಡ್ಡ ಬರಕೂಡದು. 20 ಮೀಟರ್ ಎಂದರೆ, ಗೋಕಾಕ ಸೀಮೆಯವರಿಗೆ ತಿಳಿಯುವ ಲೆಕ್ಕದಲ್ಲಿ, ಎರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್ ಅಡ್ಡಡ್ಡ ನಿಂತರೂ ಮಗ್ಗುಲಲ್ಲಿ ನಡೆದು ಹೋಗಬಹುದಾದಷ್ಟು ಜಾಗ. ಹೋಟೆಲಿನವರು ಪ್ರೀತಿಯಿಂದ ಬಿಟ್ಟುಕೊಟ್ಟ ಜಾಗವಲ್ಲ ಅದು. ಬಿಡದಿದ್ದರೆ ಅನುಮತಿಯೇ ಬಿದ್ದುಹೋಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಸಿಆರ್‌ಝಡ್ ರಾಜ್ಯದ ಶಾಸನವಲ್ಲ, ಕೇಂದ್ರದ ಅಧಿಸೂಚನೆ. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ಒಂದೊಂದು ರಾಜ್ಯವೂ ತನ್ನ ಕಡಲಿಗೆ ತಾನೇ ಕಾನೂನು ಬರೆದುಕೊಂಡಿದೆ. ಆರೆಗಾನ್ ರಾಜ್ಯ 1913ರಲ್ಲಿಯೇ ತನ್ನ ಕಡಲದಂಡೆಯನ್ನು ಸಾರ್ವಜನಿಕ ಹೆದ್ದಾರಿ ಎಂದು ಸಾರಿತು. ಹೆದ್ದಾರಿಯಾದ ಮೇಲೆ ಬೇಲಿ ಹಾಕುವವರು ಯಾರು? ಜಾಣತನದ ಕೆಲಸ. ಟೆಕ್ಸಾಸ್ 1959ರಲ್ಲಿ ಉಸುಕು ಮುಗಿದು ಹುಲ್ಲು ಶುರುವಾಗುವಲ್ಲಿಯವರೆಗೆ ಜನರ ಓಡಾಟದ ಹಕ್ಕನ್ನು ಶಾಸನದಲ್ಲಿ ಬರೆಯಿತು. ಆಮೇಲೆ ಬಿರುಗಾಳಿ ಬಂದು ದಂಡೆಯನ್ನೇ ಕೊರೆದು ಒಳಗೆ ಸರಿಸಿದಾಗ, ಜನರ ಹಕ್ಕೂ ಗೆರೆಯ ಜೊತೆಗೆ ಒಳಗೆ ಸರಿಯುತ್ತದೆಯೇ ಎಂಬ ಜಗಳ ಎದ್ದಿತು. ಹಾಗೆ ಒಮ್ಮೆಲೇ ಸರಿದ ದಂಡೆಯ ಜೊತೆ ಹಕ್ಕು ತಾನಾಗಿ ಸರಿಯುವುದಿಲ್ಲ ಎಂದು 2012ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹೊಳೆ ಕಡಿದು ಹೊಲ ಕಳೆದುಕೊಂಡ ನಮ್ಮ ರೈತರಿಗೆ ಈ ಜಗಳ ಹೊಸದೆನಿಸಲಾರದು.

ನಮ್ಮ ಅಧಿಸೂಚನೆ 1991ರಲ್ಲಿದ್ದಂತೆ ಉಳಿದಿಲ್ಲ. 2011ರಲ್ಲಿ ಒಮ್ಮೆ, 2019ರ ಜನವರಿಯಲ್ಲಿ ಇನ್ನೊಮ್ಮೆ ಹೊಸದಾಗಿ ಬಂತು. 2019ರದು ಗೆರೆಯನ್ನು ಸಡಿಲಿಸಿತು. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಾಡಿನ ಕಡಲಂಚಿನಲ್ಲಿ 200 ಮೀಟರಿನ ನಿಷಿದ್ಧ ಪಟ್ಟಿ 50ಕ್ಕೆ ಇಳಿಯಿತು. ಇನ್ನು ದಂಡೆಯನ್ನು ಸರ್ಕಾರವೇ ಬಳಸಿಕೊಂಡರೆ 20 ಮೀಟರಿನ ಮಾತು ಏನೂ ಮಾಡಲಾರದು. ಕಾರವಾರದಲ್ಲಿ ನೌಕಾನೆಲೆಗಾಗಿ ಹಲವು ದಂಡೆಗಳು ಜನರ ಕೈತಪ್ಪಿದವು. ಊರಿಗೆ ಅಂಟಿಕೊಂಡಂತೆ ಉಳಿದದ್ದು ಅಲ್ಲಿಗೆ ಬಂದಿದ್ದ ರವೀಂದ್ರನಾಥ ಟ್ಯಾಗೋರರ ಹೆಸರಿನ ದಂಡೆ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಕೆಲಸ ಅದರ ಪಕ್ಕಕ್ಕೆ ಬಂದಾಗ ಮೀನುಗಾರರು ಬೀದಿಗಿಳಿದರು, ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಗೆರೆ ಇದ್ದರೂ ಜಗಳ ತಪ್ಪುವುದಿಲ್ಲ, ನಿಜ. ಆದರೆ ಜಗಳವಾಡುವವನ ಕೈಯಲ್ಲಿ ಹಿಡಿದು ತೋರಿಸಲು ಒಂದು ಕಾಗದವಾದರೂ ಇರುತ್ತದೆ.

ಇದೆಲ್ಲ ಗೋಕಾಕ, ಮೂಡಲಗಿ, ಹುಕ್ಕೇರಿಗೆ ಏಕೆ ತಾಗುವುದಿಲ್ಲ? ಕಡಲು ದೂರ ಎಂಬುದು ಅರ್ಧ ಉತ್ತರ. ಅಧಿಸೂಚನೆ ಕಡಲಲ್ಲಿಯೇ ನಿಲ್ಲುವುದಿಲ್ಲ, ನದಿಗಳ ಒಳಗೂ ಹತ್ತಿ ಬರುತ್ತದೆ. ಎಲ್ಲಿಯವರೆಗೆ? ವರ್ಷದ ಅತಿ ಒಣ ದಿನಗಳಲ್ಲಿ ಸಾವಿರ ಪಾಲು ನೀರಿಗೆ 5 ಪಾಲು ಉಪ್ಪು ಎಲ್ಲಿಯವರೆಗೆ ಸಿಗುತ್ತದೆಯೋ ಅಲ್ಲಿಯವರೆಗೆ. ಕಾಳಿ, ಶರಾವತಿ, ನೇತ್ರಾವತಿಗಳ ಕೊನೆಯ ಹರಿವಿನ ದಂಡೆಗಳು ಹೀಗೆ ವಲಯದೊಳಗೆ ಸೇರುತ್ತವೆ. 2011ರ ಪ್ರಕಾರ 100 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಕಡಿಮೆಯದು. 2019ರಲ್ಲಿ ಆ 100 ಹೋಗಿ 50 ಆಯಿತು. ಘಟಪ್ರಭೆಯದು ವಿಚಿತ್ರ ಹಣೆಬರಹ. ಹುಟ್ಟುವುದು ಸಹ್ಯಾದ್ರಿಯ ನೆತ್ತಿಯಲ್ಲಿ, ಪಶ್ಚಿಮದ ಕಡಲು ಅಲ್ಲಿಂದ ಹೆಚ್ಚು ದೂರವಿಲ್ಲ. ಆದರೂ ಅದಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ನಡೆಯುತ್ತದೆ, ಹಿರಣ್ಯಕೇಶಿ ಮಾರ್ಕಂಡೇಯಗಳನ್ನು ಕೂಡಿಸಿಕೊಂಡು 283 ಕಿಲೋಮೀಟರ್ ಹರಿದು ಕೃಷ್ಣೆಗೆ ಸೇರುತ್ತದೆ. ಅದರ ನೀರಿಗೆ ಉಪ್ಪು ತಾಗುವುದು ಆಂಧ್ರದ ಹಂಸಲದೀವಿಯ ಕಡೆಗೆ ಹೋದಾಗ. ಅಷ್ಟರಲ್ಲಿ ಅದು ಹೆಸರನ್ನೂ ಕಳೆದುಕೊಂಡಿರುತ್ತದೆ.

ಹಾಗಾದರೆ ನಮ್ಮ ದಂಡೆಗೆ ಯಾವ ಕಾನೂನು? ಇದೆ, ಹಳೆಯದೇ ಇದೆ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964, ಕಲಂ 67. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ 1879ರ ಮುಂಬಯಿ ಭೂ ಕಂದಾಯ ಸಂಹಿತೆಯಲ್ಲಿಯೂ ಇದೇ ಮಾತು ಇತ್ತು. ಅದರ ಸಾರ: ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ, ಸೇತುವೆ, ಭರತರೇಖೆಯ ಕೆಳಗಿನ ಕಡಲ ತಳ, ನದಿ ಹಳ್ಳ ಕೆರೆಗಳ ತಳ, ಕಾಲುವೆ, ನಿಂತ ನೀರು, ಹರಿಯುವ ನೀರು, ಯಾರ ಖಾಸಗಿ ಸ್ವತ್ತೂ ಅಲ್ಲದ ಎಲ್ಲ ನೆಲ, ಇವು ರಾಜ್ಯ ಸರ್ಕಾರದ ಸ್ವತ್ತು. ಕಡಲೂ ನದಿಯೂ ಒಂದೇ ವಾಕ್ಯದಲ್ಲಿ ಪಕ್ಕಪಕ್ಕದಲ್ಲಿ ಕುಳಿತಿವೆ. ಆದರೆ ನಿಧಾನವಾಗಿ ಓದಿದರೆ ವ್ಯತ್ಯಾಸ ಕಾಣುತ್ತದೆ. ಕಡಲಿನ ತಳ ಎಲ್ಲಿಗೆ ಮುಗಿಯುತ್ತದೆ ಎಂಬುದಕ್ಕೆ ‘ಭರತರೇಖೆಯ ಕೆಳಗಿನ’ ಎಂಬ ಗುರುತಿದೆ. ನದಿಗೆ ಬಂದಾಗ ಬರೀ ‘ತಳ’. ಎಲ್ಲಿಗೆ ತಳ ಮುಗಿದು ದಂಡೆ ಶುರು, ದಂಡೆ ಮುಗಿದು ಹೊಲ ಶುರು, ಆ ಮಾತಿಲ್ಲ.

ಬರೆದವರು ಮರೆತರು ಎನ್ನುವುದು ಅನ್ಯಾಯ. ನಮ್ಮ ಹೊಳೆಗೆ ಗೆರೆ ಎಳೆಯುವುದು ನಿಜಕ್ಕೂ ಕಷ್ಟ. ಕಡಲು ದಿನಕ್ಕೆರಡು ಸಲ ತನ್ನ ಗೆರೆಯನ್ನು ತಾನೇ ಬರೆದು ತೋರಿಸುತ್ತದೆ. ಘಟಪ್ರಭೆ ವರ್ಷಕ್ಕೊಮ್ಮೆ ಬರೆಯುತ್ತದೆ, ಅದೂ ಪ್ರತಿ ವರ್ಷ ಬೇರೆ ಕಡೆಗೆ. ಮೇ ತಿಂಗಳಲ್ಲಿ ಗೋಕಾಕ ಜಲಪಾತದ ಮೇಲಿನ ಬಂಡೆಹಾಸಿನ ಮೇಲೆ ಹುಡುಗರು ಚಪ್ಪಲಿ ತೋಯಿಸದೆ ಓಡಾಡುತ್ತಾರೆ. ಆಗಸ್ಟಿನಲ್ಲಿ ಅದೇ ಬಂಡೆಯಿಂದ ಕೆಂಪು ನೀರು 52 ಮೀಟರ್ ಕೆಳಕ್ಕೆ ದುಮ್ಮಿಕ್ಕುತ್ತದೆ. ಇದಕ್ಕೆ ಮನುಷ್ಯನ ಕೈವಾಡವೂ ಸೇರಿದೆ. 1897ರಲ್ಲಿ ಧುಪದಾಳದಲ್ಲಿ ಒಡ್ಡು ಕಟ್ಟಿ ಕಾಲುವೆಗೆ ನೀರು ತಿರುಗಿಸಿದರು. ಅದಕ್ಕೂ ಹತ್ತು ವರ್ಷ ಮೊದಲೇ ಜಲಪಾತದ ತಲೆಯ ಮೇಲೆ ಗಿರಣಿ ಬಂದು ಬೀಳುವ ನೀರಿನ ಬಲವನ್ನು ನೂಲಿಗೆ ಹಚ್ಚಿತ್ತು. 1977ರ ಹೊತ್ತಿಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಸುಮಾರು 51 ಟಿಎಂಸಿಯ ರಾಜಾ ಲಖಮಗೌಡ ಜಲಾಶಯ ಪೂರ್ತಿಯಾಯಿತು. ಈಗ ಹೊಳೆ ಎಷ್ಟು ಅಗಲ ಎಂಬುದನ್ನು ಮಳೆಯೊಂದೇ ತೀರ್ಮಾನಿಸುವುದಿಲ್ಲ, ಹಿಡಕಲ್‌ನ ಗೇಟುಗಳೂ ತೀರ್ಮಾನಿಸುತ್ತವೆ.

ಸೋಜಿಗವೆಂದರೆ ಈ ಮೂರು ತಾಲ್ಲೂಕುಗಳ ಹರಿವಿನಲ್ಲಿ ನೀರಿಗೆ ಗಟ್ಟಿಯಾದ ಗೆರೆ ಇರುವ ದೊಡ್ಡ ಜಾಗ ಎಂದರೆ ಹಿಡಕಲ್ ಹಿನ್ನೀರು. ಪೂರ್ಣಮಟ್ಟ ಸಮುದ್ರಮಟ್ಟದಿಂದ 2,175 ಅಡಿ. ಆ ಅಳತೆ ಹಿಡಿದೇ ಭೂಸ್ವಾಧೀನ, ಪರಿಹಾರ, ಮುಳುಗಡೆ ಎಲ್ಲ ನಡೆಯಿತು. ಬೇಸಗೆಯಲ್ಲಿ ನೀರಿಳಿದಾಗ ಹುನ್ನೂರಿನ ವಿಠ್ಠಲ ಗುಡಿ ಹೊರಗೆ ಬರುತ್ತದೆ. ಜನ ದರ್ಶನಕ್ಕೆ ಬಿರುಕುಬಿಟ್ಟ ಕೆಸರಿನ ಮೇಲೆ ನಡೆದು ಹೋಗುತ್ತಾರೆ. ಮುಳುಗಿದ ಊರಿನ ದೇವರಿಗೆ ದಾರಿ ಇದೆ, ಮುಳುಗದ ಊರಿನ ಹೊಳೆಗೆ ದಾರಿ ಇಲ್ಲ! ಸರ್ಕಾರ ನೀರಿಗಾಗಿ ನೆಲ ಕೊಂಡ ಕಡೆ ಗೆರೆ ಉಂಟು. ನೀರು ತಾನಾಗಿ ಬರುವ ಕಡೆ ಇಲ್ಲ.

ಗೆರೆ ಇಲ್ಲದ್ದರ ಬೆಲೆ 2019ರ ಆಗಸ್ಟಿನಲ್ಲಿ ಗೋಕಾಕಿಗೆ ತಿಳಿಯಿತು. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಒಟ್ಟಿಗೆ ಏರಿದವು. ಸಂಕೇಶ್ವರ ನರಗುಂದ ಹೆದ್ದಾರಿಯ ಲೋಳಸೂರ ಸೇತುವೆ ಮುಳುಗಿತು, ಪಟ್ಟಣದ ಹಳೆಯ ಓಣಿಗಳಲ್ಲಿ ಛಾವಣಿಯ ಮಟ್ಟಕ್ಕೆ ನೀರು ನಿಂತಿತು. ಅದೇ ಅಕ್ಟೋಬರಿನಲ್ಲಿ ಊರ ಮೇಲಿನ ಮಲ್ಲಿಕಾರ್ಜುನ ಗುಡ್ಡದ ಬಂಡೆಗಳು ಜಾರಿ ನಿಂತಾಗ ಗೋಕಾಕಿನವರಿಗೆ ಕೆಳಗೆ ಹೊಳೆಯ ಭಯ, ಮೇಲೆ ಗುಡ್ಡದ ಭಯ. 2021ರ ಜುಲೈಯಲ್ಲಿ ಹೊಳೆ ಮತ್ತೆ ಬಂತು. 2024ರ ಜುಲೈಯಲ್ಲಿ ಲೋಳಸೂರ ಸೇತುವೆ ಮತ್ತೆ ಬಂದಾಯಿತು. ಸುಣಧೋಳಿ, ಅವರಾದಿಗಳ ಕಡೆಯವರಿಗಂತೂ ಸೇತುವೆ ಮುಳುಗುವುದು ಮಳೆಗಾಲದ ವಾಡಿಕೆ. ನಮ್ಮಲ್ಲಿ ಜನ ‘ಪ್ರವಾಹ ಬಂತು’ ಎನ್ನುವುದಿಲ್ಲ, ‘ಹೊಳಿ ಬಂತು’ ಎನ್ನುತ್ತಾರೆ. ಹೊಳೆ ಎಲ್ಲಿಗೂ ಹೋಗಿರಲಿಲ್ಲ, ತನ್ನ ಅಗಲವನ್ನು ಕೇಳಿಕೊಂಡು ಬಂತು ಎಂಬ ಅರ್ಥ ಆ ಮಾತಿನಲ್ಲಿದೆ.

ಈಗ ದಂಡೆಯ ಹಕ್ಕಿಗೆ ಬರೋಣ. ಹೊಳೆಗೆ ಹೊಲ ಹೊಂದಿಕೊಂಡವನಿಗೆ ಕಾನೂನಿನ ಆಸರೆ ಚೆನ್ನಾಗಿಯೇ ಇದೆ. 1882ರ ಅನುಭೋಗ ಹಕ್ಕುಗಳ ಕಾಯ್ದೆ, ದಂಡೆಯ ಜಮೀನಿನವನು ಕುಡಿಯಲು, ಮನೆಬಳಕೆಗೆ, ದನಗಳಿಗೆ, ಹೊಲಕ್ಕೆ ಹರಿಯುವ ನೀರನ್ನು ಮಿತಿಯೊಳಗೆ ಬಳಸುವುದನ್ನು ಅವನ ಸಹಜ ಹಕ್ಕೆಂದು ಒಪ್ಪುತ್ತದೆ, ನೀರಿನ ಮೇಲೆ ಸರ್ಕಾರದ ಹತೋಟಿಯನ್ನು ಉಳಿಸಿಕೊಂಡೇ. ದಂಡೆಯಲ್ಲಿ ಒಂದು ಗುಂಟೆಯೂ ಇಲ್ಲದವರ ಕಥೆ ಬೇರೆ. ಬಟ್ಟೆ ಒಗೆಯುವ ಅಗಸರು, ಮಣ್ಣು ತರುವ ಕುಂಬಾರರು, ಬಲೆ ಬೀಸುವ ಅಂಬಿಗರು, ಕುರಿ ತೊಳೆಯಲು ಬರುವ ಕುರುಬರು, ಗಣಪತಿ ಕಳಿಸಲು ಬರುವ ಓಣಿಯ ಹುಡುಗರು, ಸತ್ತವರ ಬೂದಿ ಬಿಡಲು ಬರುವ ಮನೆಮಂದಿ. ಇವರೆಲ್ಲರದು ವಾಡಿಕೆಯ ಹಕ್ಕು. ವಾಡಿಕೆಯ ಹಕ್ಕನ್ನೂ ಅದೇ ಕಾಯ್ದೆ ಮಾನ್ಯ ಮಾಡುತ್ತದೆ. ಆದರೆ ದಂಡೆಯವನ ಹಕ್ಕನ್ನು ಅವನ ಉತಾರವೇ, ಅಂದರೆ ಪಹಣಿಯೇ ಸಾಬೀತು ಮಾಡುತ್ತದೆ, ವಾಡಿಕೆಯನ್ನು ಕೋರ್ಟಿನ ಮೆಟ್ಟಿಲು ಹತ್ತಿ, ಮುದುಕರ ಸಾಕ್ಷಿ ಹಾಕಿಸಿ ಸಾಬೀತು ಮಾಡಬೇಕು. ಬೂದಿಯ ಗಡಿಗೆ ಹಿಡಿದುಕೊಂಡು ಯಾರು ವಕೀಲರ ಹತ್ತಿರ ಹೋಗುತ್ತಾರೆ?

ಈ ತೊಡಕು ಬಹಳ ಹಳೆಯದು. 533ರಲ್ಲಿ ರೋಮಿನ ಚಕ್ರವರ್ತಿ ಜಸ್ಟಿನಿಯನ್ ಮಾಡಿಸಿದ ಕಾನೂನು ಪಾಠದಲ್ಲಿ ಗಾಳಿ, ಹರಿಯುವ ನೀರು, ಕಡಲು, ಕಡಲದಂಡೆ ಎಲ್ಲರಿಗೂ ಸೇರಿದ್ದು ಎಂಬ ಮಾತಿದೆ, ಅದು ಪ್ರಸಿದ್ಧ. ಅಷ್ಟು ಪ್ರಸಿದ್ಧವಲ್ಲದ್ದು ನದಿಯ ದಂಡೆಯ ಮಾತು. ದಂಡೆಯ ಒಡೆತನ ಹೊಂದಿಕೊಂಡ ಹೊಲದವನದು, ಅಲ್ಲಿ ಬೆಳೆದ ಮರವೂ ಅವನದು. ಆದರೆ ದೋಣಿ ತಂದು ನಿಲ್ಲಿಸಲು, ಹಗ್ಗವನ್ನು ಆ ಮರಕ್ಕೆ ಕಟ್ಟಲು, ಸಾಮಾನು ಇಳಿಸಲು ಎಲ್ಲರಿಗೂ ಹಕ್ಕಿದೆ. ಮರ ನಿನ್ನದು, ಹಗ್ಗ ಕಟ್ಟುವವನು ನಾನು. ಒಡೆತನವನ್ನೂ ಬಳಕೆಯನ್ನೂ ಬೇರೆ ಬೇರೆ ಮಾಡಿದ ಈ ಬುದ್ಧಿವಂತಿಕೆ ಫ್ರಾನ್ಸಿನಲ್ಲಿ ಇನ್ನೂ ಜೀವಂತವಾಗಿದೆ. ಅಲ್ಲಿ ಸಾರ್ವಜನಿಕ ನದಿಗಳ ಅಂಚಿನಲ್ಲಿ ಜಮೀನಿನವರು 3.25 ಮೀಟರ್ ಅಗಲದ ಪಟ್ಟಿಯನ್ನು ನಡೆಯುವವರಿಗೆ ಬಿಡಬೇಕು. ನೆಲ ಅವರದೇ, ಬೇಲಿ ಮಾತ್ರ ಹಾಕುವಂತಿಲ್ಲ. ಸ್ವೀಡನ್ ಇನ್ನೂ ಮುಂದೆ ಹೋಗಿ ಕಡಲು, ಕೆರೆ, ನದಿ ಎಂಬ ಭೇದವಿಲ್ಲದೆ ನೀರಂಚಿನಿಂದ ಸಾಮಾನ್ಯವಾಗಿ 100 ಮೀಟರನ್ನು ಕಾಯುತ್ತದೆ. ಜನ ನೀರಿನ ಹತ್ತಿರ ಹೋಗಬೇಕು ಎಂಬುದೇ ಆ ಕಾನೂನಿನ ಮೊದಲ ಉದ್ದೇಶವಾಗಿತ್ತು.

ನಮ್ಮ ಸುಪ್ರೀಂ ಕೋರ್ಟು ಈ ತತ್ವವನ್ನು ಒಂದು ನದಿಯ ದಂಡೆಯ ಮೇಲೆಯೇ ಸ್ಥಾಪಿಸಿತು. ಹಿಮಾಚಲದ ಬಿಯಾಸ್ ನದಿಯ ದಂಡೆಯಲ್ಲಿ ಒಂದು ಮೋಟೆಲಿನವರು ಗುತ್ತಿಗೆ ಜಾಗದಾಚೆಗೂ ಚಾಚಿ, ತಮ್ಮ ಕಟ್ಟಡ ಉಳಿಸಿಕೊಳ್ಳಲು ನದಿಯ ಹರಿವನ್ನೇ ತಿರುಗಿಸಿದ್ದರು. ಎಂ.ಸಿ. ಮೆಹ್ತಾ ವಿರುದ್ಧ ಕಮಲ್ ನಾಥ್ ಎಂಬ ಆ ಪ್ರಕರಣದಲ್ಲಿ 1996ರ ಡಿಸೆಂಬರ್ 13ರಂದು ಬಂದ ತೀರ್ಪು ಹೇಳಿದ್ದು: ಇಂಥ ಸಂಪತ್ತಿಗೆ ಸರ್ಕಾರ ಒಡೆಯನಲ್ಲ, ವಿಶ್ವಸ್ಥ. ನಮ್ಮ ಮಾತಿನಲ್ಲಿ ಹೇಳುವುದಾದರೆ ದೇವರ ಹೊಲಕ್ಕೆ ಪೂಜಾರಿ ಇದ್ದಂತೆ. ಉಳಬಹುದು, ಕಾಯಬಹುದು, ಮಗಳ ಮದುವೆಗೆಂದು ಮಾರುವಂತಿಲ್ಲ. ಕಲಂ 67ರಲ್ಲಿ ಬರುವ ‘ಸರ್ಕಾರದ ಸ್ವತ್ತು’ ಎಂಬ ಮಾತನ್ನು ಈ ಬೆಳಕಿನಲ್ಲಿಯೇ ಓದಬೇಕು.

ಗೆರೆ ಎಳೆಯುವ ಪ್ರಯತ್ನ ಆಗಿಯೇ ಇಲ್ಲವೆಂದಲ್ಲ. 1975ರಲ್ಲಿ ಕೇಂದ್ರ ಜಲ ಆಯೋಗದ ಕಡೆಯಿಂದ ಎಲ್ಲ ರಾಜ್ಯಗಳಿಗೆ ಒಂದು ಮಾದರಿ ಮಸೂದೆ ಹೋಯಿತು. ನೆರೆಬಯಲನ್ನು ಅಳೆದು, ಪಟ್ಟಿಪಟ್ಟಿಯಾಗಿ ವಿಂಗಡಿಸಿ, ಯಾವ ಪಟ್ಟಿಯಲ್ಲಿ ಏನು ಕಟ್ಟಬಹುದು ಎಂದು ನಿಗದಿ ಮಾಡುವ ಮಸೂದೆ. ಅದರ ಹಿಂದಿನ ವಿಚಾರ ಸರಳ. ಆಸ್ಪತ್ರೆ, ವಿದ್ಯುತ್ ಕೇಂದ್ರದಂಥವು ನೂರು ವರ್ಷಕ್ಕೊಮ್ಮೆ ಬರುವ ನೆರೆಗೂ ಎಟುಕದಷ್ಟು ಎತ್ತರದಲ್ಲಿರಲಿ. ಮನೆ, ಕಚೇರಿಗಳು 25 ವರ್ಷಕ್ಕೊಮ್ಮೆ ಬರುವ ನೆರೆಯ ಮಟ್ಟಕ್ಕಿಂತ ಮೇಲಿರಲಿ. ಅದಕ್ಕೂ ಕೆಳಗಿನ ನೆಲದಲ್ಲಿ ತೋಟ, ಆಟದ ಬಯಲು. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ, ಉತ್ತರಾಖಂಡ 2012ರಲ್ಲಿ ಇಂಥ ಶಾಸನ ಮಾಡಿದವು. ಕರ್ನಾಟಕ ಆ ಸಾಲಿನಲ್ಲಿಲ್ಲ. ಕಡಲಿನ ವಲಯದಂತೆಯೇ ನದಿಗೂ ಒಂದು ನಿಯಂತ್ರಣ ವಲಯ ಮಾಡುವ ಕೇಂದ್ರದ ಕರಡು ಕರಡಾಗಿಯೇ ಉಳಿಯಿತು. 2016ರ ಅಕ್ಟೋಬರಿನ ಆದೇಶವೊಂದು ನದಿಯ ದಂಡೆ ಮತ್ತು ನೆರೆಬಯಲಿನಲ್ಲಿ ಕಟ್ಟಡ ಕಟ್ಟುವುದನ್ನು ತಡೆಯುತ್ತದೆ, ಆದರೆ ಗಂಗಾ ಮತ್ತು ಅದರ ಉಪನದಿಗಳಿಗೆ ಮಾತ್ರ. ಘಟಪ್ರಭೆಯನ್ನು ನಾವು ಗಂಗೆ ಎಂದೇ ಕರೆದು ಉಡಿ ತುಂಬುತ್ತೇವೆ. ಕಾನೂನಿಗೆ ಅದು ಗೊತ್ತಿಲ್ಲ.

ಕೆರೆಗಳಿಗೆ ಕರ್ನಾಟಕ ಈ ಕೆಲಸ ಮಾಡಿದೆ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯಲ್ಲಿ ಕೆರೆಯ ಗಡಿಯಿಂದ 30 ಮೀಟರಿನೊಳಗೆ ಕಟ್ಟಡ ಕೂಡದೆಂದು ಬರೆದರು. ಪಟ್ಟಣಗಳ ಮಹಾಯೋಜನೆಗಳಲ್ಲಿ ನದಿಗೆ ಇಷ್ಟು ಜಾಗ ಬಿಡಿ ಎಂಬ ನಿಯಮ ಬರುವುದುಂಟು, ಆದರೆ ಹಳ್ಳಿಯ ದಂಡೆಗೆ ಮಹಾಯೋಜನೆ ಎಲ್ಲಿಯದು? ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ನೀರೂ ನೆಲವೂ ರಾಜ್ಯಪಟ್ಟಿಯ 17 ಮತ್ತು 18ನೆಯ ಬಾಬತ್ತುಗಳು. ಕಡಲದಂಡೆಗೆ ದೆಹಲಿಯ ಕಡೆ ನೋಡಿದಂತೆ ಹೊಳೆದಂಡೆಗೆ ನೋಡಬೇಕಾಗಿಲ್ಲ. ಅದನ್ನು ಬರೆಯಬೇಕಾದ ಸದನ ಚಳಿಗಾಲದಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೇ ಬಂದು ಕೂಡುತ್ತದೆ. ಅಲ್ಲಿಂದ ಗೋಕಾಕಿಗೆ ಒಂದೆರಡು ತಾಸಿನ ಹಾದಿ.

ನನಗೆ ಆ ಮಾದರಿ ಮಸೂದೆಯಲ್ಲಿ ಹಿಡಿಸಿದ್ದು ಒಂದು ವಿಷಯ. ನೀರಿಗೆಂದು ಬಿಡಬೇಕಾದ ನೆಲವೂ ಜನರ ಓಡಾಟಕ್ಕೆಂದು ಬಿಡಬೇಕಾದ ನೆಲವೂ ಒಂದೇ ಎಂಬುದು. ಆಗಸ್ಟಿನಲ್ಲಿ ಹೊಳೆ ನಡೆಯುವ ಪಟ್ಟಿಯಲ್ಲಿ ಜನವರಿಯಲ್ಲಿ ಸಂಕ್ರಮಣದವರು ನಡೆಯಬಹುದು. ಎರಡಕ್ಕೂ ಎರಡು ಕಾನೂನು ಬೇಡ, ಎರಡು ಬಾರಿ ಜಮೀನು ಬಿಡುವುದೂ ಬೇಡ.

ಆದರೆ ಕಡಲಿನ ಕಾನೂನನ್ನು ಹಾಗೆಯೇ ತಂದು ಹೊಳೆಗೆ ಹೊದಿಸುವುದು ಬೇಡ ಎಂದೂ ಹೇಳಬೇಕು. ಕರಾವಳಿಯಲ್ಲಿ 200 ಮೀಟರಿನ ಗೆರೆ ಹೋಟೆಲಿನವನಿಗಿಂತ ಮೊದಲು ಹಿಡಿದದ್ದು ಮೀನುಗಾರನನ್ನು. ತಲೆತಲಾಂತರದಿಂದ ಉಸುಕಿನ ಮೇಲೆಯೇ ಬಾಳಿದವನಿಗೆ ಮಗನಿಗೊಂದು ಕೋಣೆ ಹಾಕಿಕೊಳ್ಳುವುದೂ ಕಾಗದಪತ್ರದ ಗೋಳಾಯಿತು. 2011ರ ಅಧಿಸೂಚನೆಯಲ್ಲಿ ಮೀನುಗಾರರ ವಸತಿಯ ವಿಚಾರ ಬೇರೆಯಾಗಿ ಬಂದದ್ದು ಅದಕ್ಕೇ. ಘಟಪ್ರಭೆಯ ದಂಡೆಯಲ್ಲಿ ಎರಡೆಕರೆ ಇರುವವನಿಗೆ 100 ಮೀಟರ್ ಬಿಡು ಎಂದರೆ ಹೊಲವನ್ನೇ ಬಿಡು ಎಂದಂತೆ. ಕಬ್ಬು ನಾಲ್ಕು ದಿನ ನೀರಲ್ಲಿ ನಿಂತು ಚೇತರಿಸಿಕೊಂಡೀತು, ಗೋಡೆ ಚೇತರಿಸಿಕೊಳ್ಳುವುದಿಲ್ಲ. ಹಾಗಾಗಿ ತಡೆಯಬೇಕಾದದ್ದು ಹೊಸ ಗೋಡೆಯನ್ನು, ಬೆಳೆಯನ್ನಲ್ಲ. ದಾರಿಗೆ ಬೇಕಾದದ್ದು 100 ಮೀಟರಲ್ಲ, ಫ್ರೆಂಚರು ಕೇಳುವ ಮೂರೂಕಾಲು ಮೀಟರು ಸಾಕು, ಒಂದು ಚಕ್ಕಡಿ ಹೋಗುವಷ್ಟು. ಎಲ್ಲ ದಂಡೆಯೂ ಜನರಿಗೆ ತೆರೆದಿರಬೇಕು ಎಂಬುದೂ ಸರಿಯಲ್ಲ. ಧುಪದಾಳದ ಸುತ್ತಲಿನ 29.78 ಚದರ ಕಿಲೋಮೀಟರ್ 1974ರಿಂದ ಪಕ್ಷಿಧಾಮ. ಚಳಿಗಾಲಕ್ಕೆ ದೂರದೂರದಿಂದ ಬರುವ ಕೊಕ್ಕರೆಗಳಿಗೆ ಅಲ್ಲಿ ನಮ್ಮ ಬುತ್ತಿಯ ಗದ್ದಲ ಬೇಡ.

ಹೊಸ ಶಾಸನ ಬರುವವರೆಗೆ ಕೈಯಲ್ಲಿ ಏನೂ ಇಲ್ಲವೇ ಎಂದರೆ, ಇದೆ. ನಿಮ್ಮ ಉತಾರ ತೆಗೆದು ನೋಡಿ. ವಿಸ್ತೀರ್ಣದ ಕೆಳಗೆ ‘ಫೂಟ್ ಖರಾಬು’ ಎಂದು ಎರಡು ಸಾಲು, ಅ ಮತ್ತು ಬ. ಹೆಚ್ಚಿನವರು ಇದನ್ನು ಕಲ್ಲುಮಣ್ಣಿನ ಕೆಟ್ಟ ನೆಲ ಎಂದು ತಿಳಿದು ಮುಂದೆ ಹೋಗುತ್ತಾರೆ. ಅ ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ, ಅದು ಹೊಲದವನದೇ. ಬ ಖರಾಬು ಹಾಗಲ್ಲ. 1966ರ ಭೂ ಕಂದಾಯ ನಿಯಮಗಳ ಪ್ರಕಾರ ಅದು ಸಾರ್ವಜನಿಕ ಕೆಲಸಕ್ಕೆ ಮೀಸಲಾದದ್ದು: ರಸ್ತೆ, ಒಪ್ಪಿತ ಕಾಲುದಾರಿ, ಸುಡುಗಾಡು, ಹಳ್ಳ. ನಿಮ್ಮ ಸರ್ವೇ ನಂಬರಿನ ಹೊಟ್ಟೆಯೊಳಗೇ ಇದ್ದರೂ ಅದಕ್ಕೆ ಕಂದಾಯವಿಲ್ಲ, ನಿಮ್ಮ ಒಡೆತನವೂ ಇಲ್ಲ. ಅಲ್ಲಿ ನೇಗಿಲು ಹೊಡೆದವರನ್ನು ತೆರವು ಮಾಡಿಸುವ ಅಧಿಕಾರ ಕಂದಾಯ ಅಧಿಕಾರಿಗಳಿಗಿದೆ. ಇದರ ಜೋಡಿ ಗ್ರಾಮ ನಕಾಶೆ. ಭೂದಾಖಲೆ ಕಚೇರಿಯಲ್ಲಿ ನಕಲು ಸಿಗುತ್ತದೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ಇದ್ದರೆ ನಿಂತ ಜಾಗದ ಸರ್ವೇ ನಂಬರೂ ಕಾಣುತ್ತದೆ. ನಕಾಶೆಯಲ್ಲಿ ಚುಕ್ಕೆಚುಕ್ಕೆಯ ಒಂಟಿ ಗೆರೆ ಎಂದರೆ ಕಾಲುದಾರಿ, ಜೋಡಿ ಗೆರೆ ಎಂದರೆ ಬಂಡಿದಾರಿ.

ಆ ಸಂಕ್ರಮಣವಾದ ಮೇಲೆ ಆ ಊರಿನ ನಕಾಶೆಯ ನಕಲು ತೆಗೆಸಿ ಅಜ್ಜನ ಮುಂದೆ ಹಾಸಿದೆ. ಊರಿನಿಂದ ಹೊರಟ ಚುಕ್ಕೆಗಳು ಎರಡು ಸರ್ವೇ ನಂಬರುಗಳ ನಡುವೆ ಹಾಯ್ದು, ಹೊಳೆಯ ನೀರಿನ ಗುರುತಿಗೆ ಹೋಗಿ ಮುಟ್ಟಿದ್ದವು. ಅಜ್ಜ ಕನ್ನಡಕ ಏರಿಸಿ, ಬೆರಳಿಟ್ಟು ಎಣಿಸಿದ.

“ಜೋಡ ಗೆರಿ ಅದಾವು. ನಾ ಹೇಳಿದ್ದಿಲ್ಲ? ಚಕ್ಕಡಿ ದಾರಿನ ಇದು.”

“ಅರ್ಜಿ ಕೊಡೂಣೇನ್ ಅಜ್ಜಾ, ಅಳತಿಗೆ?”

“ಕೊಡೂಣು. ಆದ್ರ ಕಬ್ಬ ಕಡದ ಮ್ಯಾಲ ಬರ್ರೆಂತ ಬರಿ. ನಿಂತ ಬೆಳಿಯಾಗ ಸರಪಳಿ ಎಳಿಯಾಕ ಆಗೂದಿಲ್ಲ, ಅವನ ಹೊಟ್ಟಿ ಮ್ಯಾಲೂ ಹೊಡದಂಗ ಆಗತೈತಿ.”